ಅಳತೆಯ ಮಂದ್ರ, ಕಿವಿಯ ಮಂದ್ರ

ಮನೆಯವರೆಲ್ಲ ಮಲಗಿದ ಮೇಲೆ ಸಣ್ಣಗೆ ಹಾಡು ಹಾಕಿಕೊಂಡು ಕೇಳುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ದನಿ ತಗ್ಗಿಸಿದಾಗ ಒಂದು ಸಂಗತಿಯನ್ನು ನೀವೂ ಗಮನಿಸಿರಬಹುದು. ಗಾಯಕಿಯ ದನಿ ಕೇಳುತ್ತಲೇ ಇರುತ್ತದೆ, ಆದರೆ ತಂಬೂರಿಯ ಮಂದ್ರ, ಮೃದಂಗದ ಎಡಗಡೆಯ ಗುಂ ಎಂಬ ನಾದ ಎಲ್ಲೋ ಅಡಗಿಬಿಡುತ್ತವೆ. ಯಂತ್ರವಾದರೋ ಎಲ್ಲ ಸ್ವರಗಳನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸಿದೆ. ಹಾಗಾದರೆ ಮಂದ್ರ ಹೋದದ್ದೆಲ್ಲಿಗೆ?

ಇದಕ್ಕೆ ಲೆಕ್ಕ ಸಮೇತ ಉತ್ತರ ಕೊಟ್ಟವರು ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವಿ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್. ಅದು 1933ರ ಮಾತು. ಮೆಲುದನಿಯಲ್ಲಿ ನಮ್ಮ ಕಿವಿ ತಗ್ಗು ಸ್ವರಗಳಿಗೆ ಬಹಳ ಮಂದ ಎಂದು ಅವರು ತೋರಿಸಿದರು. ಈಗಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 1000 ಹರ್ಟ್ಸ್‌ನ ಸ್ವರ 40 ಡೆಸಿಬಲ್‌ನಲ್ಲಿ ಕೇಳಿಸುವಷ್ಟೇ ಜೋರಾಗಿ 50 ಹರ್ಟ್ಸ್‌ನ ಸ್ವರವೂ ಕೇಳಿಸಬೇಕಾದರೆ ಅದಕ್ಕೆ ಸುಮಾರು 78 ಡೆಸಿಬಲ್ ಬೇಕು. ದನಿ ಏರಿಸುತ್ತ ಹೋದರೆ ಈ ಅಂತರ ಕಡಿಮೆಯಾಗುತ್ತದೆ. ಹಳೆಯ ಸ್ಟೀರಿಯೋಗಳಲ್ಲಿ 'ಲೌಡ್‌ನೆಸ್' ಎಂಬ ಗುಂಡಿಯಿತ್ತಲ್ಲ, ಅದು ಸಣ್ಣ ದನಿಯಲ್ಲಿ ಕೇಳುವಾಗ ಮಂದ್ರವನ್ನು ಎತ್ತಿಕೊಡಲೆಂದೇ ಇದ್ದದ್ದು.

ಕಿವಿ ಕಳೆಯುವುದಷ್ಟೇ ಅಲ್ಲ, ಕೂಡಿಸುವುದೂ ಉಂಟು. ತಂತಿಯ ಫೋನಿನಲ್ಲಿ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳು ಹಾಯುತ್ತಿರಲಿಲ್ಲ. ಗಂಡಸರ ದನಿಯ ಮೂಲಸ್ವರ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಆದರೂ ಅಣ್ಣ ಮಾತಾಡಿದರೆ ಅದು ಅಣ್ಣನ ದನಿಯೇ ಎಂದು ನಮಗೆ ತಿಳಿಯುತ್ತಿತ್ತು. ಮೇಲಿನ ಸ್ವರಗಳನ್ನು ಕೇಳಿ, ಇಲ್ಲದ ಮೂಲಸ್ವರವನ್ನು ನಾವೇ ತುಂಬಿಕೊಳ್ಳುತ್ತಿದ್ದೆವು. ಈ ಸೋಜಿಗವನ್ನು ಜರ್ಮನಿಯ ಆಗಸ್ಟ್ ಸೀಬೆಕ್ 1841ರಲ್ಲೇ ಗಮನಿಸಿದ್ದ. ವಿದ್ಯುತ್ತಿನ ನಿಯಮದಿಂದ ಹೆಸರಾದ ಓಮ್ ಇದನ್ನು ಒಪ್ಪಲಿಲ್ಲ, ಕಿವಿಯ ಭ್ರಮೆ ಎಂದ. ಸ್ವರ ಯಾವುದೆಂದು ತೀರ್ಮಾನಿಸಬೇಕಾದದ್ದು ಕಿವಿಯೇ ಅಲ್ಲವೇ ಎಂಬುದು ಸೀಬೆಕ್‌ನ ಮರುಪ್ರಶ್ನೆ.

ಈ ಜಗಳ ಮುಂದೆ ಸ್ಪೀಕರ್ ತಯಾರಕರ ಅಂಗಳಕ್ಕೂ ಬಂತು. ಒಳ್ಳೆಯ ಮಂದ್ರ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕೆಂದು ಜನ ನಂಬಿದ್ದ ಕಾಲವದು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬ ಅಮೆರಿಕದ ಅಧ್ಯಾಪಕ, ಕಪಾಟಿನ ಮೇಲಿಡಬಹುದಾದ ಎಆರ್-1 ಎಂಬ ಸ್ಪೀಕರನ್ನು ತಂದ. ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೇ ಅದರಲ್ಲಿ ಸ್ಪ್ರಿಂಗಿನ ಕೆಲಸ ಮಾಡುತ್ತಿತ್ತು. ಅದಕ್ಕೆ ಕಾಗದದ ಶಂಕುವಿನ ಅಂಚು ಬಹಳ ಸಡಿಲವಾಗಿರಬೇಕು. ಮೊದಲ ಮಾದರಿಯ ಅಂಚಿಗೆ ಬಳಸಿದ್ದು ಹಾಸಿಗೆ ಹೊಲಿಯುವ ಬಟ್ಟೆ. ಅದರ ನಮೂನೆ ಬರೆದುಕೊಟ್ಟವಳು ಹೆಂಡತಿ ರೋಸ್ಮರಿ. ಯುದ್ಧಕಾಲದಲ್ಲಿ ಅವಳು ನಕ್ಷೆ ಬರೆಯುವ ಕೆಲಸ ಮಾಡಿದ್ದಳು. ಸ್ಪೀಕರಿನ ಚರಿತ್ರೆ ಹೇಳುವವರು ಈ ಬಟ್ಟೆಯ ಮಾತನ್ನು ಬಿಡಬಾರದು ಎಂದು ನನಗನ್ನಿಸುತ್ತದೆ.

ಅಷ್ಟು ಚಿಕ್ಕ ಪೆಟ್ಟಿಗೆಯಿಂದ ಅಂಥ ನಾದ ಬರುತ್ತದೆಂದು ನಂಬುವುದು ಸುಲಭವಿರಲಿಲ್ಲ. ವಿಲ್ಚರನ ಕಂಪನಿ ವಾದಕರನ್ನೇ ವೇದಿಕೆಗೆ ಕರೆಸಿತು. ಅವರು ನುಡಿಸುತ್ತಿರುವಾಗಲೇ ನಡುನಡುವೆ ಧ್ವನಿಮುದ್ರಣಕ್ಕೆ ಬದಲಾಯಿಸುತ್ತಿದ್ದರು. ಬದಲಾದದ್ದು ಯಾವಾಗ ಎಂಬುದು ಎಷ್ಟೋ ಜನರಿಗೆ ಗೊತ್ತೇ ಆಗಲಿಲ್ಲ. ಅಳತೆಗೆ ಕಿವಿಯೂ ಸಾಕ್ಷಿ ಹೇಳಿತು.

ಆದರೆ ಇವೆರಡೂ ಎಲ್ಲ ಕಡೆಯೂ ಹೀಗೆ ಕೂಡಿಬರುವುದಿಲ್ಲ. ದುಬಾರಿ ಸ್ಪೀಕರಿನ ಅಳತೆಯನ್ನು ಸಾಮಾನ್ಯವಾಗಿ ಪ್ರತಿಧ್ವನಿಯಿಲ್ಲದ ಜಾಗದಲ್ಲಿ ತೆಗೆಯುತ್ತಾರೆ. 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 8.5 ಮೀಟರು. ನಮ್ಮ ನಡುಮನೆಯೇ ಅಷ್ಟುದ್ದವಿರುವುದಿಲ್ಲ. ಗೋಡೆಗೆ ಬಡಿದು ಮರಳಿದ ಅಲೆಗಳು ಮೂಲೆಯಲ್ಲಿ ಮಂದ್ರವನ್ನು ಉಬ್ಬಿಸುತ್ತವೆ, ಇನ್ನೊಂದೆಡೆ ನುಂಗಿಬಿಡುತ್ತವೆ. ನಾದವನ್ನು ಕೆಡಿಸುವ ಕಳಪೆ ಪೆಟ್ಟಿಗೆ ತನ್ನದೇ ಮೇಲುಸ್ವರಗಳನ್ನು ಬೆರೆಸುವುದರಿಂದ ಅದರಲ್ಲಿ ಮಂದ್ರ ಹೆಚ್ಚಿದೆಯೆಂದು ಅನ್ನಿಸುವುದೂ ಉಂಟು. ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿ ಮರುಳಾಗುವುದು ಹೀಗೆಯೇ.

ವಿಲ್ಚರ್ 1967ರಲ್ಲಿ ಕಂಪನಿ ಮಾರಿ, ಕಿವಿ ಮಂದವಾದವರ ಕಷ್ಟದತ್ತ ತಿರುಗಿದ. ಆಗಿನ ಶ್ರವಣಯಂತ್ರಗಳು ಎಲ್ಲ ಶಬ್ದವನ್ನೂ ಒಂದೇ ಸಮ ಹೆಚ್ಚಿಸುತ್ತಿದ್ದವು. ಇದನ್ನು ಓದುವಾಗ ನನಗೆ ನಮ್ಮ ಅತ್ತೆಯವರ ನೆನಪಾಯಿತು. ಮೆಲ್ಲಗೆ ಹೇಳಿದರೆ "ಏನಂದೆ?" ಎನ್ನುವರು, ತುಸು ಜೋರಾಗಿ ಹೇಳಿದರೆ "ಯಾಕೆ ಕಿರುಚ್ತೀಯೆ?" ಎಂದು ಸಿಡುಕುವರು. ಅದು ಮುಪ್ಪಿನ ಹಟವೆಂದೇ ಮನೆಯಲ್ಲಿ ಎಲ್ಲರ ತೀರ್ಪು. ವಿಲ್ಚರ್ ಹೇಳಿದ್ದು ಬೇರೆ. ಇಂಥ ಕಿವಿಗೆ ಸಣ್ಣ ಶಬ್ದ ಕೇಳುವುದೇ ಇಲ್ಲ, ದೊಡ್ಡ ಶಬ್ದ ಮಾತ್ರ ನಮ್ಮಷ್ಟೇ ಜೋರಾಗಿ ಅಪ್ಪಳಿಸುತ್ತದೆ. ಸಣ್ಣದನ್ನು ಹೆಚ್ಚು ಎತ್ತಿ, ದೊಡ್ಡದನ್ನು ತಡೆಯುವ ಯಂತ್ರ ಬೇಕು. ಅದೂ ತಗ್ಗು ಸ್ವರಕ್ಕೆ ಬೇರೆ, ಮೇಲು ಸ್ವರಕ್ಕೆ ಬೇರೆ. 1973ರಲ್ಲಿ ಅವನು ಇದನ್ನು ಪ್ರಕಟಿಸಿದ, ಪೇಟೆಂಟ್ ಮಾತ್ರ ಪಡೆಯಲಿಲ್ಲ. ಬೇಕಾದವರು ಬಳಸಲಿ ಎಂದು ಬಿಟ್ಟುಕೊಟ್ಟ. ಇಂದಿನ ಶ್ರವಣಯಂತ್ರಗಳು ಆ ದಾರಿಯಲ್ಲೇ ನಡೆದಿವೆ.

ಮನೆಯ ಹಿರಿಯರನ್ನು ಕಿವಿಯ ಪರೀಕ್ಷೆಗೆ ಕರೆದೊಯ್ದರೆ ವೈದ್ಯರು ಗೆರೆ ಎಳೆದ ಒಂದು ಕಾಗದ ಕೊಡುತ್ತಾರೆ. ಅದು ಬೇಕು. ಮನೆಗೆ ಬಂದ ಮೇಲೆ ಅವರ ಪಕ್ಕದಲ್ಲಿ ಕುಳಿತು, ಅವರಿಗೆ ಏನು ಕೇಳಿಸುತ್ತದೆ, ಏನು ಹಿಂಸೆಯಾಗುತ್ತದೆ ಎಂದು ವಿಚಾರಿಸುವುದೂ ಬೇಕು.