ತಪ್ಪು ಊಹೆಯಿಂದ ಸಿಕ್ಕ ಮದ್ದು

ವೃಷಣದ ಕ್ಯಾನ್ಸರ್ ಅಪರೂಪದ ಕಾಯಿಲೆ. ಆದರೆ ಅದು ಹೆಚ್ಚಾಗಿ ಹಿಡಿಯುವುದು ಹದಿನೈದರಿಂದ ಮೂವತ್ತೈದು ವರ್ಷದವರನ್ನು. ಸಾಮಾನ್ಯವಾಗಿ ನೋವಿಲ್ಲದ ಪುಟ್ಟ ಗಂಟಾಗಿ ಶುರುವಾಗುತ್ತದೆ. ಮನೆಯಲ್ಲಿ ಹೇಳಲು ನಾಚಿಕೆ, ವೈದ್ಯರಿಗೆ ತೋರಿಸಲು ಇನ್ನೂ ನಾಚಿಕೆ. ದಿನ ದೂಡುವಷ್ಟರಲ್ಲಿ ಅದು ಶ್ವಾಸಕೋಶಕ್ಕೆ ಹಬ್ಬಿರಬಹುದು. 1970ರ ದಶಕದ ಆರಂಭದಲ್ಲಿ, ಹಾಗೆ ಹಬ್ಬಿದ ಮೇಲೆ ಹತ್ತು ಮಂದಿಯಲ್ಲಿ ಒಬ್ಬ ಉಳಿದರೆ ಅದೇ ಹೆಚ್ಚು. ಇಂದು ಸರಿಯಾದ ಚಿಕಿತ್ಸೆ ಸಿಕ್ಕರೆ ಸುಮಾರು ಎಂಟು ಮಂದಿ ಗುಣವಾಗುತ್ತಾರೆ.

ಇದಕ್ಕೆ ಕಾರಣವಾದ ಔಷಧ ಸಿಸ್‌ಪ್ಲಾಟಿನ್. ಅದರ ಗುಣವನ್ನು ಕಂಡ ಬಾರ್ನೆಟ್ ರೋಸೆನ್‌ಬರ್ಗ್ ವೈದ್ಯರಲ್ಲ, ಭೌತವಿಜ್ಞಾನ ಓದಿದವರು. ಜೀವಕೋಶ ಒಡೆದು ಎರಡಾಗುವ ಚಿತ್ರ ಅವರಿಗೆ ಅಯಸ್ಕಾಂತದ ಸುತ್ತ ಹರಡಿದ ಕಬ್ಬಿಣದ ಪುಡಿಯಂತೆ ಕಂಡಿತು. ಹಾಗಾದರೆ ಇದರಲ್ಲಿ ವಿದ್ಯುತ್ತಿನ ಕೈವಾಡ ಇರಬಹುದೇ? ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ಯಾಕ್ಟೀರಿಯಾ ಇದ್ದ ದ್ರವದೊಳಗೆ ಪ್ಲಾಟಿನಂ ತುಂಡುಗಳನ್ನು ಇಳಿಸಿ ವಿದ್ಯುತ್ ಹರಿಸಿದರು. ಪ್ಲಾಟಿನಂ ಯಾವುದರೊಡನೆಯೂ ಬೆರೆಯದ ಲೋಹವೆಂಬ ನಂಬಿಕೆ. ಬ್ಯಾಕ್ಟೀರಿಯಾ ಒಡೆಯುವುದನ್ನು ನಿಲ್ಲಿಸಿ, 300 ಪಟ್ಟು ಉದ್ದದ ಎಳೆಗಳಾಗಿ ಬೆಳೆದವು!

ಆದರೆ ಅದು ವಿದ್ಯುತ್ತಿನ ಮಹಿಮೆಯಾಗಿರಲಿಲ್ಲ. ಪ್ಲಾಟಿನಂ ಕೊಂಚ ಕರಗಿ, ದ್ರವದಲ್ಲಿದ್ದ ಅಮೋನಿಯಂ ಲವಣದೊಡನೆ ಸೇರಿ ಹೊಸ ಸಂಯುಕ್ತಗಳಾಗಿದ್ದವು. ಊಹೆ ತಪ್ಪಿತೆಂದು ಕೈಬಿಡದೆ ರೋಸೆನ್‌ಬರ್ಗ್ ತಂಡ ಕಾರಣವನ್ನು ಬೆನ್ನಟ್ಟಿದ್ದೇ ದೊಡ್ಡದು. 1965ರಲ್ಲಿ ಮೊದಲ ವರದಿ ಪ್ರಕಟವಾಯಿತು. ಹಿಂದಿನ ಶತಮಾನದಲ್ಲೇ ಇಟಲಿಯ ರಸಾಯನ ತಜ್ಞ ಪೆಯ್ರೋನೆ ತಯಾರಿಸಿದ್ದ ಒಂದು ಸಂಯುಕ್ತವೇ ಸಿಸ್‌ಪ್ಲಾಟಿನ್. ಅದು ಕೋಶದ ಡಿಎನ್‌ಎಗೆ ಅಂಟಿಕೊಂಡು ನಕಲಾಗದಂತೆ ತಡೆಯುತ್ತದೆ. ಇಲಿಗಳಲ್ಲಿ ಗಡ್ಡೆಗಳು ಕರಗಿದವು.

ಮನುಷ್ಯರಿಗೆ ಕೊಟ್ಟಾಗ ಮಾತ್ರ ತಡೆಯಲಾಗದ ವಾಂತಿ, ಮೂತ್ರಪಿಂಡಕ್ಕೆ ಪೆಟ್ಟು. ಔಷಧವನ್ನು ಮೂಲೆಗೆ ಹಾಕುವ ಮಾತೂ ಬಂದಿತ್ತು. ರಕ್ತನಾಳಕ್ಕೆ ಧಾರಾಳವಾಗಿ ಸಲೈನ್ ಹಾಯಿಸಿದರೆ ಮೂತ್ರಪಿಂಡ ಉಳಿಯುತ್ತದೆಂಬ ತಿಳಿವಳಿಕೆ ಅದನ್ನು ಕಾಪಾಡಿತು. 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಯುವ ವೈದ್ಯ ಲಾರೆನ್ಸ್ ಐನ್‌ಹಾರ್ನ್, ಬೇರೆಲ್ಲ ಔಷಧಗಳೂ ಸೋತಿದ್ದ ಒಬ್ಬ ವಿದ್ಯಾರ್ಥಿಗೆ ಸಿಸ್‌ಪ್ಲಾಟಿನ್ ಜೊತೆ ವಿನ್‌ಬ್ಲಾಸ್ಟಿನ್ ಮತ್ತು ಬ್ಲಿಯೊಮೈಸಿನ್ ಸೇರಿಸಿ ಕೊಟ್ಟರು. ಕೆಲವೇ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಗಡ್ಡೆಗಳು ಕಾಣೆಯಾಗಿದ್ದವು. 1978ರಲ್ಲಿ ಅಮೆರಿಕ ಸರ್ಕಾರ ಈ ಔಷಧಕ್ಕೆ ಒಪ್ಪಿಗೆ ಕೊಟ್ಟಿತು.

ಐನ್‌ಹಾರ್ನ್ ಅಲ್ಲಿಗೆ ನಿಲ್ಲಲಿಲ್ಲ. ಬದುಕುವವನು ಇನ್ನೂ ಐವತ್ತು ವರ್ಷ ಬಾಳಬೇಕಾದ ಹುಡುಗ. ವಿಷವನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದೇ ಮುಂದಿನ ಹುಡುಕಾಟವಾಯಿತು. ವಿನ್‌ಬ್ಲಾಸ್ಟಿನ್ ಬದಲು ಎಟೊಪೊಸೈಡ್ ಸಾಕೆಂದು 1987ರ ವರದಿ ತೋರಿಸಿತು. ಕಾಯಿಲೆ ತೀರಾ ಬಲಿಯದವರಿಗೆ ನಾಲ್ಕು ಸುತ್ತಿನ ಬದಲು ಮೂರೇ ಸುತ್ತು ಔಷಧ ಸಾಕೆಂದೂ ಗೊತ್ತಾಯಿತು. ಆದರೂ ಕೆಲವರಿಗೆ ಕಿವಿ ಮಂದವಾಗುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಮುಂದೆ ಮಕ್ಕಳು ಬೇಕೆನ್ನುವವರಿಗೆ ಚಿಕಿತ್ಸೆಗೆ ಮೊದಲೇ ವೀರ್ಯವನ್ನು ಶೈತ್ಯದಲ್ಲಿ ಕಾಯ್ದಿಡಲು ವೈದ್ಯರು ಹೇಳುತ್ತಾರೆ.