ಹಾಸು, ಕಿರ್ದಿ, ಗಂಟೆ: ಕಲಬುರಗಿ ಸೀಮೆಯಲ್ಲಿ ದಿನದ ಕೆಲಸವನ್ನು ಹವಣಿಸಿದ ಬಗೆ

ಇಂದು ಮಾಡಬೇಕಾದ ಕೆಲಸಗಳನ್ನು ಮೊದಲೇ ಗೊತ್ತುಮಾಡಿ, ಅವುಗಳಿಗೊಂದು ಕ್ರಮ ಹಾಕಿ, ಮುಗಿದುದನ್ನು ಹೊಡೆದುಹಾಕಿ, ಉಳಿದುದನ್ನು ನಾಳೆಗೆ ಸಾಗಿಸುವ ರೂಢಿಯು ಇಂಗ್ಲಿಷರ ಕಚೇರಿ, ಗೋಡೆ ಗಡಿಯಾರ ಮತ್ತು ಅಚ್ಚಾದ ಡೈರಿಗಳೊಂದಿಗೆ ಬಂದದ್ದೆಂಬ ನಂಬಿಕೆ ಸಾಮಾನ್ಯವಾಗಿದೆ. ಕಲಬುರಗಿ ನಗರದ ದುಡಿಮೆಯ ಚರಿತ್ರೆಯನ್ನು, ಅದರಲ್ಲೂ ಮೋಮಿನಪುರದಂತಹ ಕಸುಬುದಾರರ ಮೊಹಲ್ಲಾದ ಹಿನ್ನೆಲೆಯಲ್ಲಿ, ನೋಡಿದರೆ ಈ ನಂಬಿಕೆಯಲ್ಲಿ ಅರ್ಧದಷ್ಟು ಮಾತ್ರ ಸತ್ಯವಿದೆಯೆಂದು ತಿಳಿಯುತ್ತದೆ. ಗಂಟೆ ಮತ್ತು ನಿಮಿಷಗಳ ಲೆಕ್ಕ ಹೊರಗಿನಿಂದ ಬಂದಿತೆಂಬುದು ದಿಟ. ಆದರೆ ಕೆಲಸವನ್ನು ಮುಂದಾಗಿ ಹವಣಿಸುವ ವಿದ್ಯೆ ನೇಕಾರನ ಮನೆಯಲ್ಲೂ ಸಾಹುಕಾರನ ಗದ್ದಿಗೆಯಲ್ಲೂ ಪಟವಾರಿಯ ಚಾವಡಿಯಲ್ಲೂ ಬಹಳ ಹಿಂದೆಯೇ ಬೇರೂರಿತ್ತು. ಗಡಿಯಾರ ಬಂದ ಮೇಲೆ ಬದಲಾದದ್ದು ಮುಖ್ಯವಾಗಿ ಆ ಕ್ರಮವನ್ನು ಗೊತ್ತುಮಾಡುವ ಅಧಿಕಾರ ಯಾರದೆಂಬುದು.

ಮೋಮಿನ್ ಎಂಬುದು ಉತ್ತರ ಭಾರತ ಮತ್ತು ದಖನ್ನಿನ ಮುಸ್ಲಿಂ ನೇಕಾರ ಸಮುದಾಯಗಳು ತಮಗೆ ಇಟ್ಟುಕೊಂಡ ಹೆಸರಾಗಿದ್ದು, ಮುಂಬೈ, ನಾಗಪುರ ಮೊದಲಾದ ನಗರಗಳಲ್ಲಿಯೂ ಮೋಮಿನಪುರಗಳಿವೆ. ಕಲಬುರಗಿಯು 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು, 1420ರ ದಶಕದಲ್ಲಿ ರಾಜಧಾನಿ ಬೀದರಿಗೆ ಸ್ಥಳಾಂತರಗೊಂಡ ಮೇಲೆಯೂ ದರ್ಗಾ, ಸಂತೆ ಮತ್ತು ಕಸುಬುಗಳ ಊರಾಗಿ ಉಳಿಯಿತು. ಇಂತಹ ಊರಿನಲ್ಲಿ ದಿನವನ್ನು ಅಳೆಯುವ ಕೋಲು ಎಂದೂ ಒಂದೇ ಆಗಿರಲಿಲ್ಲ. ಫಜರ್, ಝುಹರ್, ಅಸರ್, ಮಗ್ರಿಬ್, ಇಶಾ ಎಂಬ ಐದು ನಮಾಜುಗಳು ಸೂರ್ಯನ ನೆಲೆಯನ್ನು ಅನುಸರಿಸಿ ದಿನವನ್ನು ಹಂಚುತ್ತಿದ್ದವು. ಊರ ಸುತ್ತಲಿನ ಒಕ್ಕಲಿಗರು ಸುಮಾರು ಹದಿಮೂರೂವರೆ ದಿನಕ್ಕೊಂದರಂತೆ ವರ್ಷವನ್ನು 27 ಭಾಗ ಮಾಡುವ ಮಳೆ ನಕ್ಷತ್ರಗಳನ್ನು ಹಿಡಿದು, ಮೃಗಶಿರ, ಆರಿದ್ರೆಗಳಲ್ಲಿ ತೊಗರಿ ಬಿತ್ತಿ, ಎತ್ತುಗಳಿಗೆ ಸೋಮವಾರ ನೊಗ ಹೂಡದೆ ಬಿಡುವು ಕೊಡುತ್ತಿದ್ದರು.

ಈ ಅಳತೆಗಳು ಒಂದರ ಮೇಲೊಂದು ಬಿದ್ದಾಗ ಲೆಕ್ಕ ಸರಳವಾಗಿ ಕೂಡುತ್ತಿರಲಿಲ್ಲ. ಹಿಜರಿ ವರ್ಷವು ಚಂದ್ರನನ್ನೇ ಅನುಸರಿಸುವುದರಿಂದ ಸೌರವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆದಕಾರಣ ರಂಜಾನ್ ತಿಂಗಳಾಗಲಿ, ಜಿಲ್ಕಾದ ಮಾಸದಲ್ಲಿ ನಡೆಯುವ ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇ ನವಾಜರ ಉರುಸಾಗಲಿ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತವೆ. ಅದೇ ಊರಿನ ಶರಣಬಸವೇಶ್ವರರ ಜಾತ್ರೆಯಾದರೋ ಹೋಳಿ ಹುಣ್ಣಿಮೆಯ ಬೆನ್ನಿಗೆ ಬರುವುದರಿಂದ ಪ್ರತಿ ವರ್ಷ ಬೇಸಿಗೆಯ ಬಾಗಿಲಲ್ಲೇ ನಿಲ್ಲುತ್ತದೆ. ಎರಡೂ ಜನಸಂದಣಿಗೆ ಬಟ್ಟೆ ಮಾರುವ ಕಸುಬುದಾರನಿಗೆ ಒಂದು ಹಬ್ಬ ನೆಲೆಯಲ್ಲಿ ನಿಂತದ್ದು, ಇನ್ನೊಂದು ಸರಿಯುತ್ತಲೇ ಇರುವುದು. ಉರುಸು ಮಳೆಗಾಲಕ್ಕೆ ಬಿದ್ದ ವರ್ಷ ನೂಲನ್ನು ಮೊದಲೇ ಅಣಿಮಾಡಿಕೊಳ್ಳಬೇಕು, ಬೇಸಿಗೆಯಲ್ಲಿ ಬಂದರೆ ಬೆಳಗಿನ ಹೊತ್ತನ್ನು ಹೆಚ್ಚು ನೆಚ್ಚಬೇಕು. ಎರಡು ಪಂಚಾಂಗಗಳನ್ನು ಒಟ್ಟಿಗೆ ತಲೆಯಲ್ಲಿಟ್ಟುಕೊಂಡು ಬಾಳಿದ ಈ ಜನರ ಯೋಜನಾಶಕ್ತಿಗೆ ಇತಿಹಾಸಕಾರರು ಸಲ್ಲಿಸಬೇಕಾದಷ್ಟು ಗೌರವ ಸಲ್ಲಿಸಿಲ್ಲ.

ಮಗ್ಗವೇ ಒಂದು ಯೋಜನೆಯ ಯಂತ್ರವಾಗಿದ್ದುದನ್ನು ಗಮನಿಸಿದಾಗ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಬಟ್ಟೆಯ ಉದ್ದಕ್ಕೆ ಹರಡುವ ಎಳೆಗಳಿಗೆ ಹಾಸು ಎಂದೂ ಅಡ್ಡಲಾಗಿ ಲಾಳಿಯ ಮೂಲಕ ಹಾಯುವ ಎಳೆಗೆ ಹೊಕ್ಕು ಎಂದೂ ಹೆಸರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಒಂದು ಹಾಸು ಮಗ್ಗಕ್ಕೇರಿದರೆ ಅದರಿಂದ ಹಲವು ಸೀರೆಗಳೋ ಧೋತರಗಳೋ ಇಳಿಯುತ್ತವೆ. ಆದುದರಿಂದ ನೇಕಾರನ ಲೆಕ್ಕದ ಮೂಲಮಾನ ಹಾಸೇ ಆಗಿತ್ತು, ದಿನವು ಅದರ ಒಂದು ತುಣುಕು ಮಾತ್ರ. ಮಗ್ಗದ ಮೇಲಿನ ಹಾಸು ತೀರುವುದರೊಳಗೆ ಮುಂದಿನ ಹಾಸಿಗೆ ನೂಲು ತಂದು, ಬಣ್ಣ ಹಾಕಿ, ಎಳೆ ಹಾಯಿಸಿ, ಗಂಜಿ ಹಚ್ಚಿ ಸಿದ್ಧಪಡಿಸಿರದಿದ್ದರೆ ಮಗ್ಗ ಬರಿದಾಗಿ ನಿಲ್ಲುತ್ತಿತ್ತು, ಮಗ್ಗ ನಿಂತ ದಿನ ಕೂಲಿಯಿರಲಿಲ್ಲ. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವ ಕೆಚ್ಚುವ ಕೆಲಸಕ್ಕೆ ತಾಳ್ಮೆಯ ಕೈಗಳೂ ಬೆಳಕಿನ ಹೊತ್ತೂ ಬೇಕಾಗಿದ್ದು, ಅದನ್ನು ಯಾವ ದಿನ ಯಾರು ಮಾಡಬೇಕೆಂಬುದನ್ನು ಮನೆಯವರು ಕೂಡಿಯೇ ತೀರ್ಮಾನಿಸಬೇಕಾಗಿತ್ತು.

ಹವಾಮಾನ ಇದರಲ್ಲಿ ನಿರ್ದಯವಾಗಿ ಕೈಹಾಕುತ್ತಿತ್ತು. ಕಲಬುರಗಿಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವಿರುವುದಿಲ್ಲ, ಒಣಗಿದ ಹತ್ತಿ ನೂಲು ಪದೇ ಪದೇ ಹರಿಯುತ್ತದೆ. ಆದಕಾರಣ ನೆಲದ ತಂಪನ್ನು ಎಳೆಗಳಿಗೆ ತಲುಪಿಸುವ ಕುಣಿಮಗ್ಗ ಇಲ್ಲಿಗೆ ಒಗ್ಗಿತು, ಹಾಗೂ ಸೂಕ್ಷ್ಮವಾದ ನೇಯ್ಗೆಗೆ ಫಜರ್ ನಮಾಜಿನ ನಂತರದ ಹೊತ್ತೇ ತಕ್ಕುದಾಯಿತು. ಉದ್ದನೆಯ ಹಾಸನ್ನು ಬೀದಿಯಲ್ಲಿ ಎಳೆದು ಕಟ್ಟಿ ಗಂಜಿ ಹಚ್ಚುವ ಕೆಲಸವನ್ನು ಬಂಡಿ ಮತ್ತು ಜನರ ಓಡಾಟ ಆರಂಭವಾಗುವ ಮೊದಲೇ ಮುಗಿಸಬೇಕು, ಮಳೆ ಬರುವಂತಿದ್ದರೆ ಅದನ್ನು ಮುಂದೂಡಿ ಒಳಗಿನ ಕೆಲಸ ಹಿಡಿಯಬೇಕು. ಬಿಸಿಲೇರಿದ ಮೇಲೆ ಕಂಡಿಕೆ ಸುತ್ತುವುದು, ಅಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ತುಂಬುವುದು, ನೆರಳಲ್ಲಿ ನಡೆಯಬಲ್ಲದು. ಜುಮ್ಮಾ ದಿನ, ಎಂದರೆ ಶುಕ್ರವಾರ, ಮಧ್ಯಾಹ್ನದ ಸಾಮೂಹಿಕ ನಮಾಜು ಇರುವುದರಿಂದ ವಾರದ ಲೆಕ್ಕವೂ ಅದರ ಸುತ್ತಲೇ ಹೆಣೆದುಕೊಳ್ಳುತ್ತಿತ್ತು. ಯಾವ ಕೆಲಸಕ್ಕೆ ಯಾವ ಹೊತ್ತು ಹೊಂದುತ್ತದೆ, ಯಾವುದು ಬೇರೊಂದಕ್ಕಾಗಿ ಕಾಯಬೇಕು, ಯಾವುದು ಯಾರ ಕೈಗೆ ಬಿಡತಕ್ಕದ್ದು ಎಂಬ ಮೂರೂ ಪ್ರಶ್ನೆಗಳಿಗೆ ಮಗ್ಗದ ಮನೆ ಒಂದಕ್ಷರ ಬರೆಯದೆ ಉತ್ತರ ಇಟ್ಟುಕೊಂಡಿತ್ತು.

ಬರೆಯದ ಈ ಕ್ರಮಕ್ಕೆ ಹಾಡಿನ ಆಸರೆಯೂ ಇತ್ತು. ಬಂದೇ ನವಾಜರ ಚಿಶ್ತಿ ಪರಂಪರೆಯಿಂದ ಕವಲೊಡೆದ ವಿಜಯಪುರದ ಸೂಫಿಗಳ ವಲಯದಲ್ಲಿ ದಖನಿ ಭಾಷೆಯ ಚಕ್ಕೀನಾಮಾ ಮತ್ತು ಚರ್ಖಾನಾಮಾ ಎಂಬ ಹಾಡುಗಳು ಹುಟ್ಟಿದವು. ಮೊದಲನೆಯದು ಬೀಸುವ ಕಲ್ಲಿನ ಮುಂದೆ, ಎರಡನೆಯದು ನೂಲುವ ರಾಟೆಯ ಮುಂದೆ ಹೆಂಗಸರು ಹಾಡುವಂಥವು. ಕಲ್ಲಿನ ಗೂಟ, ರಾಟೆಯ ಹಿಡಿ ಮುಂತಾದ ಒಂದೊಂದು ಅಂಗಕ್ಕೂ ಧರ್ಮದ ಒಂದೊಂದು ತತ್ತ್ವವನ್ನು ಹೊಂದಿಸುವ ಈ ರಚನೆಗಳು ಕೈಯ ತಿರುಗಾಟವನ್ನು ಜಿಕ್ರ್‌ನೊಂದಿಗೆ, ಎಂದರೆ ದೇವರ ನಾಮದ ಪುನರುಚ್ಚಾರಣೆಯೊಂದಿಗೆ ಬೆಸೆಯುತ್ತವೆ. ರಿಚರ್ಡ್ ಈಟನ್ ಅವರು ವಿಜಯಪುರದ ಸೂಫಿಗಳ ಕುರಿತು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಹಾಡುಗಳನ್ನು ಇಸ್ಲಾಮಿನ ಪ್ರಸಾರದ ದೃಷ್ಟಿಯಿಂದ ಚರ್ಚಿಸಿದ್ದಾರೆ. ದುಡಿಮೆಯ ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಅವು ಬೇಸರ ತರುವ ಕೆಲಸವನ್ನು ಗತಿಗೆ ತಂದು ಕೊನೆಮುಟ್ಟಿಸುವ ಸಾಧನಗಳೂ ಹೌದು. ಒಕ್ಕಲು ಮನೆಗಳಲ್ಲಿ ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸುತ್ತಿದ್ದ ಕನ್ನಡ ಹೆಣ್ಣುಮಕ್ಕಳ ಬೀಸುವ ಪದಗಳೂ ಇದೇ ಕೆಲಸ ಮಾಡಿವೆ.

ಬರವಣಿಗೆಯ ಕಡೆಗೆ ಬಂದರೆ, ಕನ್ನಡ ನಾಡಿನ ಲೆಕ್ಕಿಗರು ಬಳಸಿದ ಕಡತವೆಂಬ ಸಾಧನವನ್ನು ಮೊದಲು ಹೇಳಬೇಕು. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ತಪ್ಪಾದರೆ ಅಥವಾ ವಿಷಯ ತೀರಿದರೆ ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬರತೊಡಗಿದ ತನ್ನ ದಕ್ಷಿಣ ಭಾರತದ ಚರಿತ್ರೆಯಲ್ಲಿ ಇದನ್ನು ವಿವರಿಸಿದ್ದಾನೆ, ಶೃಂಗೇರಿ ಮಠದಂತಹ ಕಡೆಗಳಲ್ಲಿ ಹಳೆಯ ಕಡತಗಳು ಉಳಿದುಬಂದಿವೆ. ಅಳಿಸಬಹುದಾದ ಬರಹ ಮತ್ತು ಅಳಿಸಬಾರದ ಬರಹಗಳ ನಡುವಿನ ಭೇದವನ್ನು ಬಲ್ಲವನಿಗೆ ಮಾತ್ರ ಕೆಲಸಗಳ ವ್ಯವಸ್ಥೆ ಕೈಗೂಡುತ್ತದೆ, ಏಕೆಂದರೆ ನಾಳೆ ಬದಲಾಗಬಹುದಾದ ಉದ್ದೇಶವನ್ನೂ ಎಂದೆಂದಿಗೂ ಸಾಕ್ಷಿಯಾಗಬೇಕಾದ ಸಂಗತಿಯನ್ನೂ ಒಂದೇ ಪುಸ್ತಕದಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ.

ಸಾಹುಕಾರರ ಅಂಗಡಿಗಳಲ್ಲಿ ಈ ಭೇದ ಮೂರು ಮೆಟ್ಟಿಲುಗಳಾಗಿ ಬೆಳೆದಿತ್ತು. ಆಗಾಗ ನಡೆದುದನ್ನು ನಡೆದ ಹಾಗೆಯೇ ಗೀಚುವ ಕಚ್ಚಾ ವಹಿ ಮೊದಲನೆಯದು. ಸಂಜೆ ಕುಳಿತು ಅದನ್ನು ತಾರೀಖಿನ ಕ್ರಮದಲ್ಲಿ ಜಮಾ ಮತ್ತು ಖರ್ಚು ಎಂದು ವಿಂಗಡಿಸಿ ಬರೆಯುವ ಕಿರ್ದಿ, ಎಂದರೆ ದಿನವಹಿ, ಎರಡನೆಯದು. ಅದರಿಂದ ಒಬ್ಬೊಬ್ಬರ ಹೆಸರಿನ ಪುಟಕ್ಕೆ ಎತ್ತಿ ಬರೆಯುವ ಖತಾವಣಿ ಮೂರನೆಯದು. ನೂಲನ್ನು ಮುಂಗಡವಾಗಿ ಕೊಟ್ಟು ಬಟ್ಟೆಯನ್ನು ಪಡೆಯುವ ವ್ಯಾಪಾರಿಯ ಖತಾವಣಿಯಲ್ಲಿ ನೇಕಾರನಿಗೂ ಒಂದು ಪುಟವಿರುತ್ತಿತ್ತು, ಅವನು ಯಾವಾಗ ಎಷ್ಟು ನೂಲು ಒಯ್ದ, ಎಷ್ಟು ಬಟ್ಟೆ ತರಬೇಕು ಎಂಬುದು ಅಲ್ಲಿ ನಿಲ್ಲುತ್ತಿತ್ತು. ಇಟಲಿಯ ಲೂಕಾ ಪಚೋಲಿ 1494ರ ತನ್ನ ಗಣಿತ ಗ್ರಂಥದಲ್ಲಿ ವೆನಿಸ್ ವರ್ತಕರ ಮೂರು ಪುಸ್ತಕಗಳನ್ನು ವರ್ಣಿಸುವಾಗ ಹೇಳುವುದೂ ಇದೇ ಬಗೆಯ ಮೆಟ್ಟಿಲುಗಳನ್ನು: ಹೊತ್ತುಹೊತ್ತಿನ ಟಿಪ್ಪಣಿ, ದಿನದ ದಾಖಲೆ, ವಿಂಗಡಿಸಿದ ಖಾತೆ. ದಿನದ ಕೊನೆಗೆ ತಪ್ಪದೆ ಕುಳಿತು ಕಚ್ಚಾ ಬರಹವನ್ನು ಕಿರ್ದಿಗೆ ಏರಿಸುವ ಅಭ್ಯಾಸವೇ ಈ ಏರ್ಪಾಡಿನ ಜೀವ. ಆ ಒಂದು ಕೂಡಿಕೆ ತಪ್ಪಿದರೆ ಉಳಿದ ಎರಡು ಪುಸ್ತಕಗಳಿದ್ದೂ ಪ್ರಯೋಜನವಿಲ್ಲ. ಸಂತೆಗೆ ಹೊರಟವರು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ ಯಾದಿಯೂ, ಇಂದಿನವರು ಬೆಳಿಗ್ಗೆ ಬರೆದು ರಾತ್ರಿ ಪರಿಶೀಲಿಸುವ ಕೆಲಸದ ಪಟ್ಟಿಯೂ ಈ ಮನೆತನಕ್ಕೆ ಸೇರಿದವು.

ಸರ್ಕಾರದ ಕಾಗದಗಳು ಇದಕ್ಕೆ ಮತ್ತೊಂದು ಕಾಲಮಾನವನ್ನು ಸೇರಿಸಿದವು. ಹೈದರಾಬಾದ್ ಸಂಸ್ಥಾನದ ದಿವಾನ ಮೊದಲನೆಯ ಸಾಲಾರ್ ಜಂಗ್ 1860ರ ದಶಕದಲ್ಲಿ ಜಿಲ್ಲಾಬಂದಿಯನ್ನು, ಎಂದರೆ ಗುತ್ತಿಗೆದಾರರ ಬದಲು ಸಂಬಳದ ಅಧಿಕಾರಿಗಳಿರುವ ಜಿಲ್ಲೆಗಳ ವ್ಯವಸ್ಥೆಯನ್ನು, ಜಾರಿಗೆ ತಂದ ಬಳಿಕ ತಾಲೂಕ್ದಾರ, ತಹಸೀಲ್ದಾರರಿಂದ ಹಿಡಿದು ಹಳ್ಳಿಯ ಪಟವಾರಿಯವರೆಗೆ ಪ್ರತಿಯೊಬ್ಬನಿಗೂ ಗೊತ್ತಾದ ವೇಳೆಗೆ ಗೊತ್ತಾದ ಕಾಗದ ಒಪ್ಪಿಸುವ ಹೊಣೆ ಬಂದಿತು. ಬೆಳೆಗಳನ್ನು ಹೊಲಕ್ಕೇ ಹೋಗಿ ನೋಡಿ ಬರೆಯುವ ಪಹಣಿ, ವರ್ಷದ ಕಂದಾಯ ಲೆಕ್ಕ ಇತ್ಯರ್ಥಪಡಿಸುವ ಜಮಾಬಂದಿ, ಠಾಣೆಯಲ್ಲಿ ದಿನದಿನದ ಘಟನೆ ದಾಖಲಿಸುವ ರೋಜನಾಮಚಾ ಇವೆಲ್ಲ ಫಸಲಿ ವರ್ಷದ ಚೌಕಟ್ಟಿನಲ್ಲಿ ನಡೆದವು. ಬೆಳೆಯ ಹಂಗಾಮಿಗೆ ಹೊಂದಿಸಿದ ಈ ಸೌರವರ್ಷವು ಹೈದರಾಬಾದಿನಲ್ಲಿ ಅಕ್ಟೋಬರ್ ಮೊದಲ ವಾರದಲ್ಲಿ ಅಜುರ್ ಮಾಸದಿಂದ ಆರಂಭವಾಗುತ್ತಿತ್ತು, ಅದಕ್ಕೆ 590 ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತವರ್ಷ ಸಿಗುತ್ತದೆ. ಸಂಸ್ಥಾನವು 1948ರ ಸೆಪ್ಟೆಂಬರ್ 17ರಂದು ಶರಣಾಗಿ ಭಾರತದೊಂದಿಗೆ ಸೇರಿದಾಗ ಕಲಬುರಗಿಯ ಕಚೇರಿಗಳಲ್ಲಿ ಫಸಲಿ 1357 ನಡೆಯುತ್ತಿತ್ತು. ವರ್ಷವನ್ನು ಹಂಗಾಮಿಗೆ ಹೊಂದಿಸಿದ ಈ ಏರ್ಪಾಡೂ ಎಲ್ಲ ಬೆಳೆಗಳಿಗೆ ಒಗ್ಗುತ್ತಿರಲಿಲ್ಲ. ಇಂದಿಗೂ ಹೆಸರಾಗಿರುವ, ಇದೇ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಯಂತಹ ಬೆಳೆ ಗೊನೆ ಕೊಡಲು ಸುಮಾರು ಒಂದೂವರೆ ವರ್ಷ ಹಿಡಿಯುವುದರಿಂದ ಅಂತಹ ತೋಟದವರು ಎರಡು ವರ್ಷಗಳ ಲೆಕ್ಕವನ್ನು ಒಟ್ಟಿಗೇ ಹಾಕಬೇಕು.

ನಿಮಿಷದ ಲೆಕ್ಕ ಬಂದದ್ದು ರೈಲಿನಿಂದ. ಮುಂಬೈ ಕಡೆಯಿಂದ ಸೊಲ್ಲಾಪುರ, ಕಲಬುರಗಿಗಳನ್ನು ಹಾಯ್ದು ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿತು. ಆ ಕಾಲದ ರೈಲುಗಳು ಮದ್ರಾಸ್ ವೇಳೆಯನ್ನು ಅನುಸರಿಸುತ್ತಿದ್ದವು. ಕಲಬುರಗಿಯು ಮದ್ರಾಸಿಗಿಂತ ಸುಮಾರು ಮೂರೂವರೆ ರೇಖಾಂಶ ಪಶ್ಚಿಮಕ್ಕಿರುವುದರಿಂದ ನಿಲ್ದಾಣದ ಗಡಿಯಾರ ಊರಿನ ಸೂರ್ಯನಿಗಿಂತ ಸುಮಾರು 14 ನಿಮಿಷ ಮುಂದೆ ಓಡುತ್ತಿತ್ತು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ವೇಳೆ ಬಂದ ಮೇಲೆ ಈ ಅಂತರ ಸರಾಸರಿ 23 ನಿಮಿಷಗಳಷ್ಟಾಯಿತು, ಹೀಗಾಗಿ ವರ್ಷದ ಹೆಚ್ಚಿನ ದಿನಗಳಲ್ಲಿ ನೆತ್ತಿಯ ಮೇಲೆ ಸೂರ್ಯ ಬರುವಾಗ ಗಡಿಯಾರದಲ್ಲಿ ಹನ್ನೆರಡು ದಾಟಿ ಇಪ್ಪತ್ತು ನಿಮಿಷದ ಮೇಲಾಗಿರುತ್ತದೆ. ಝುಹರ್ ನಮಾಜಿಗೆ ಸೂರ್ಯನನ್ನೂ ರೈಲಿಗೆ ಗಡಿಯಾರವನ್ನೂ ನೋಡಬೇಕಾದ ಈ ಊರಿನಲ್ಲಿ ಮಸೀದಿಗಳು ವರ್ಷವಿಡೀ ನಮಾಜಿನ ವೇಳೆಯನ್ನು ಗಂಟೆ ನಿಮಿಷಗಳಲ್ಲಿ ತೋರಿಸುವ ಪಟ್ಟಿಗಳನ್ನು ಗೋಡೆಗೆ ಹಾಕುವುದು ಎರಡು ಕಾಲಗಳ ನಡುವೆ ಆದ ಒಂದು ವಿವೇಕದ ಒಪ್ಪಂದ.

ಮಗ್ಗದ ಮನೆಯನ್ನು ಹೆಚ್ಚು ತಟ್ಟಿದ್ದು ಗಿರಣಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಸ್ಥಾಪನೆಯಾಗಿ ಎಂಎಸ್‌ಕೆ ಮಿಲ್ ಎಂದು ಹೆಸರಾದ ಮಹಬೂಬ್ ಶಾಹಿ ಗಿರಣಿಯು ನೂಲನ್ನೂ ಬಟ್ಟೆಯನ್ನೂ ಯಂತ್ರದಿಂದ ತಯಾರಿಸಿತು. ಗಿರಣಿಯ ಪಾಳಿಗೆ ಹೋಗುವವನಿಗೆ ಹಾಸು ತೀರುವ ಚಿಂತೆಯಿಲ್ಲ, ಮಳೆ ಬಿಸಿಲುಗಳ ಎಣಿಕೆಯಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಬೀಳುವ ವೇಳೆ ಮಾತ್ರ ಅವನ ಹೊಣೆ, ಮುಂದಿನ ಕ್ರಮ ಯಜಮಾನನದು. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಗಳ ಮಿತಿ ಹಾಕಿದಾಗ ದುಡಿಯುವವರಿಗೆ ಸಿಕ್ಕ ರಕ್ಷಣೆ ದೊಡ್ಡದು, ಅದನ್ನು ಹಗುರವಾಗಿ ಕಾಣಲಾಗದು. ಆದರೂ ಕೆಲಸದ ಅನುಕ್ರಮವನ್ನು ತಾನೇ ಗೊತ್ತುಮಾಡುವ ಕುಶಲತೆ ಆ ಪಾಳಿಯಲ್ಲಿ ಅನಗತ್ಯವಾಗಿ ಹೋಯಿತು. ದಿನದ ಯೋಜನೆಯೆಂಬುದು ಮನೆ ಮಂದಿ ಕೂಡಿ ಮಾಡುವ ತೀರ್ಮಾನದಿಂದ ಕಳಚಿಕೊಂಡು ಪಾಳಿ ಮುಗಿದ ಮೇಲೆ ಉಳಿದ ಹೊತ್ತನ್ನು ಒಬ್ಬನೇ ಹಂಚಿಕೊಳ್ಳುವ ವ್ಯವಹಾರವಾಯಿತು.

ಗಿರಣಿ ಮುಂದೆ ರಾಷ್ಟ್ರೀಯ ಜವಳಿ ನಿಗಮಕ್ಕೆ ಸೇರಿ ಕೊನೆಗೆ ಮುಚ್ಚಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ಕಚೇರಿಗಳ ಭಾಷೆಯೂ ಕಾಗದಗಳೂ ಬದಲಾದವು. ಮನೆಗಳಲ್ಲಿ ಉಳಿದ ಸಾಧನವೆಂದರೆ ಗೋಡೆಯ ಕ್ಯಾಲೆಂಡರು. ತಿಥಿ, ನಕ್ಷತ್ರ, ಹಿಜರಿ ತಾರೀಖು, ಸರ್ಕಾರಿ ರಜೆ ಇವೆಲ್ಲವನ್ನೂ ಒಂದೇ ಚೌಕದೊಳಗೆ ಅಚ್ಚುಮಾಡುವ ಆ ಹಾಳೆಯ ಮೇಲೆ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಸಂಘದ ಕಂತು ಮೊದಲಾದವುಗಳನ್ನು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ ಬರೆಯುತ್ತ ಬಂದಿದ್ದಾರೆ. ಕಿರ್ದಿಗಳು ಕೊಡುವ ಮತ್ತು ಬರಬೇಕಾದ ಲೆಕ್ಕವನ್ನು ಮಾತ್ರ ಉಳಿಸಿದವು, ಪಹಣಿಗಳು ಸರ್ಕಾರಕ್ಕೆ ಸಲ್ಲತಕ್ಕದ್ದನ್ನು ಮಾತ್ರ; ಕಂಡಿಕೆ ಸುತ್ತಿ, ಗಂಜಿ ಕಾಯಿಸಿ, ಹಾಸು ಕೆಚ್ಚುವ ದಿನವನ್ನು ಗೊತ್ತುಮಾಡುತ್ತಿದ್ದ ಹೆಂಗಸರ ಹೆಸರಿಗೆ ಯಾವ ಖತಾವಣಿಯಲ್ಲೂ ಪುಟ ತೆರೆಯಲಿಲ್ಲ. ದಿನಚರಿಯ ಚರಿತ್ರೆ ಬರೆಯಹೊರಟವರು ದಫ್ತರಗಳ ಜೊತೆಗೆ ಆ ಹಾಡುಗಳನ್ನೂ ಬಳಸಿ ಹಳತಾದ ಗೋಡೆಯ ಹಾಳೆಗಳನ್ನೂ ಆಕರಗಳೆಂದು ಓದತೊಡಗಿದಾಗ ಮೋಮಿನಪುರದಂತಹ ಬಡಾವಣೆಗಳ ಅರ್ಧದಷ್ಟು ದುಡಿಮೆ ಮೊದಲ ಬಾರಿಗೆ ಲೆಕ್ಕಕ್ಕೆ ಬರುತ್ತದೆ.