ಹಾರುವ ತಟ್ಟೆ ಇಲ್ಲದ ಅನ್ಯಗ್ರಹದವರು: ಕಡಿಮೆ ಬಂಡವಾಳದ ವಿಜ್ಞಾನ ಚಿತ್ರಗಳಲ್ಲಿ ಮೈಬಣ್ಣ ಮತ್ತು ವಲಸೆ

ವಿಜ್ಞಾನ ಕಾಲ್ಪನಿಕ ಚಿತ್ರವೆಂದರೆ ಕೋಟಿಗಟ್ಟಲೆ ದುಡ್ಡು ಬೇಡುವ ಬಾಬತ್ತು ಎಂಬ ಮಾತು ಗಾಂಧಿನಗರದಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಚಿತ್ರಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಆಕಾಶನೌಕೆ ಕಟ್ಟಿಸಲು ಕಾಸಿಲ್ಲದ ನಿರ್ದೇಶಕ ಅನ್ಯಗ್ರಹದವನನ್ನು ಮನುಷ್ಯನ ಮೈಯಲ್ಲೇ ತೋರಿಸಬೇಕಾಗುತ್ತದೆ. ಸ್ಟುಡಿಯೊ ಬಾಡಿಗೆ ಕಟ್ಟಲಾಗದವನು ಬೀದಿಗಿಳಿಯಬೇಕಾಗುತ್ತದೆ. ಬೀದಿಗಿಳಿದ ಮೇಲೆ ಅಲ್ಲಿರುವ ಜನ, ಅವರ ಮೈಬಣ್ಣ, ಅವರ ಮಾತು, ಅವರು ಎಲ್ಲಿಂದ ಬಂದವರೆಂಬ ಪ್ರಶ್ನೆ ತಾವಾಗಿಯೇ ಕ್ಯಾಮೆರಾದೊಳಗೆ ನುಗ್ಗುತ್ತವೆ. ವರ್ಣಭೇದ ಮತ್ತು ವಲಸೆಯ ಬಗ್ಗೆ ಹರಿತವಾಗಿ ಮಾತನಾಡಿದ ವಿಜ್ಞಾನ ಚಿತ್ರಗಳಲ್ಲಿ ಹಲವು ಬಡತನದಲ್ಲಿ ಹುಟ್ಟಿದ್ದಕ್ಕೆ ಇದೇ ಕಾರಣ ಎಂಬುದು ನನ್ನ ವಾದ. ಆ ವಾದವನ್ನು ಕನ್ನಡದ ಒಂದು ಚಿತ್ರಕ್ಕೆ ಹಚ್ಚಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ನಿಂತು ನೋಡುವುದು ಈ ಲೇಖನದ ಉದ್ದೇಶ.

ಶುರುವಾದದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ. 1968ರಲ್ಲಿ ಜಾರ್ಜ್ ರೊಮೆರೊ ಸುಮಾರು 1.14 ಲಕ್ಷ ಡಾಲರ್‌ನಲ್ಲಿ ‘ನೈಟ್ ಆಫ್ ದ ಲಿವಿಂಗ್ ಡೆಡ್’ ತೆಗೆದ. ಶುಕ್ರ ಗ್ರಹದ ಕಡೆಯಿಂದ ಮರಳಿದ ನೌಕೆಯೊಂದರ ವಿಕಿರಣದಿಂದ ಹೆಣಗಳು ಎದ್ದು ಓಡಾಡುತ್ತವೆ ಎಂಬ ಊಹೆ ಅದರಲ್ಲಿದೆ. ನಾಯಕನ ಪಾತ್ರಕ್ಕೆ ಡ್ವೇನ್ ಜೋನ್ಸ್ ಎಂಬ ಕಪ್ಪು ನಟ ಸಿಕ್ಕಿದ. ಚಿತ್ರಕಥೆಯಲ್ಲಿ ಬಣ್ಣದ ಪ್ರಸ್ತಾಪವೇ ಇರಲಿಲ್ಲ. ಆದರೆ ರಾತ್ರಿಯಿಡೀ ಹೆಣಗಳೊಡನೆ ಕಾದು ಉಳಿದ ಕಪ್ಪು ಮನುಷ್ಯನನ್ನು ಬೆಳಿಗ್ಗೆ ಬಂದೂಕು ಹಿಡಿದ ಬಿಳಿಯರ ಗುಂಪು ಹೆಣವೆಂದುಕೊಂಡು ಹೊಡೆದು ಕೆಡವಿದಾಗ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವರ್ಷದ ಅಮೆರಿಕದ ಪ್ರೇಕ್ಷಕರಿಗೆ ಬೇರೆ ವ್ಯಾಖ್ಯಾನ ಬೇಕಿರಲಿಲ್ಲ.

ರೊಮೆರೊಗೆ ಕೈತಪ್ಪಿ ಒದಗಿದ್ದನ್ನು ಜಾನ್ ಸೇಲ್ಸ್ ಗೊತ್ತಿದ್ದೇ ಮಾಡಿದ. 1983ರಲ್ಲಿ ಸಿಕ್ಕಿದ ಮ್ಯಾಕ್‌ಆರ್ಥರ್ ಫೆಲೋಶಿಪ್‌ನ ಹಣವನ್ನೂ ಸೇರಿಸಿ, ಸುಮಾರು ಮೂರೂವರೆ ಲಕ್ಷ ಡಾಲರ್‌ನಲ್ಲಿ 1984ರಲ್ಲಿ ಆತ ಹೊರತಂದ ಚಿತ್ರ ‘ದ ಬ್ರದರ್ ಫ್ರಮ್ ಅನದರ್ ಪ್ಲಾನೆಟ್’. ಬೇರೆ ಗ್ರಹದಿಂದ ತಪ್ಪಿಸಿಕೊಂಡು ಬಂದ ಜೀತದಾಳೊಬ್ಬ ನ್ಯೂಯಾರ್ಕ್ ಬಂದರಿನಲ್ಲಿ ಬೀಳುತ್ತಾನೆ. ಅವನಿಗೆ ಮಾತು ಬಾರದು, ನೋಡಲು ಕಪ್ಪು ಮನುಷ್ಯ. ತೆವಳಿಕೊಂಡು ಹತ್ತುವುದು ಎಲ್ಲಿಸ್ ದ್ವೀಪದ ಕಟ್ಟಡವನ್ನು. 1892ರಿಂದ 1954ರವರೆಗೆ ಅಮೆರಿಕಕ್ಕೆ ಬಂದ ವಲಸಿಗರನ್ನು ತಪಾಸಣೆ ಮಾಡಿ ಒಳಬಿಡುತ್ತಿದ್ದ, ಇಲ್ಲವೇ ಹಿಂದಟ್ಟುತ್ತಿದ್ದ ಜಾಗ ಅದು. ಅವನು ಗೋಡೆ ಮುಟ್ಟುತ್ತಾನೆ, ಅಲ್ಲಿ ಹಾದುಹೋದವರ ಬಗೆಬಗೆ ಭಾಷೆಯ ದನಿಗಳು ಕೇಳಿಸುತ್ತವೆ. ಗ್ರಾಫಿಕ್ಸ್ ಇಲ್ಲ, ಯಂತ್ರವಿಲ್ಲ. ಒಂದು ಕೈ, ಒಂದು ಪಾಳು ಗೋಡೆ, ಒಂದಿಷ್ಟು ಧ್ವನಿಮುದ್ರಣ ಅಷ್ಟೇ.

ಈ ಚಿತ್ರದ ಇನ್ನೊಂದು ದೃಶ್ಯವನ್ನು ಚಿತ್ರರಚನೆ ಕಲಿಸುವವರು ತರಗತಿಯಲ್ಲಿ ತೋರಿಸಲೇಬೇಕು. ನಾಯಕ ಮೆಟ್ರೊ ರೈಲಿನಲ್ಲಿ ಕೂತಿದ್ದಾನೆ. ಪಕ್ಕಕ್ಕೆ ಬಂದ ಬಿಳಿಯ ಹುಡುಗನೊಬ್ಬ ಇಸ್ಪೀಟಿನ ಕೈಚಳಕ ತೋರಿಸುತ್ತಾ, ಕೊನೆಗೆ ಈ ಡಬ್ಬಿಯಲ್ಲಿರುವ ಬಿಳಿಯರನ್ನೆಲ್ಲ ಮಾಯ ಮಾಡಿ ತೋರಿಸಲೇ ಎಂದು ಕೇಳುತ್ತಾನೆ. ಮುಂದಿನ ನಿಲ್ದಾಣದ ನಂತರ ರೈಲು ಸೀದಾ ಹಾರ್ಲೆಮ್‌ಗೆ ಹೋಗುತ್ತದೆಂಬ ಘೋಷಣೆ ಬರುತ್ತದೆ. ಬಾಗಿಲು ತೆರೆದೊಡನೆ ಬಿಳಿಯರೆಲ್ಲ ಇಳಿದುಹೋಗುತ್ತಾರೆ, ಹುಡುಗನೂ. ಊರು ಯಾರಿಗೆ ಎಲ್ಲಿಯವರೆಗೆ ಎಂಬ ಸಮಾಜಶಾಸ್ತ್ರದ ಪಾಠ ರೈಲ್ವೆ ವೇಳಾಪಟ್ಟಿಯಲ್ಲೇ ಅಡಗಿದ್ದನ್ನು ಇಷ್ಟು ಅಗ್ಗವಾಗಿ ತೋರಿಸಿದವರು ಕಡಿಮೆ.

ನೀಲ್ ಬ್ಲೊಮ್ಕಾಂಪ್ ಹಿಡಿದದ್ದು ಇನ್ನೂ ಸುಲಭದ ದಾರಿ. 2005ರಲ್ಲಿ ‘ಅಲೈವ್ ಇನ್ ಜೋಬರ್ಗ್’ ಎಂಬ ಆರು ನಿಮಿಷದ ಕಿರುಚಿತ್ರ ಮಾಡುವಾಗ ಆತ ಜೊಹಾನ್ಸ್‌ಬರ್ಗ್‌ನ ಬಡಾವಣೆಗಳ ಜನರನ್ನು, ಜಿಂಬಾಬ್ವೆಯಿಂದ ಬಂದವರ ಬಗ್ಗೆ ನಿಮ್ಮ ಅಭಿಪ್ರಾಯವೇನೆಂದು ಕೇಳಿದ. ಅವರು ಕೊಟ್ಟ ಉತ್ತರಗಳನ್ನು ಚಿತ್ರದಲ್ಲಿ ಅನ್ಯಗ್ರಹದವರ ಕುರಿತ ಮಾತಾಗಿ ಜೋಡಿಸಿದ. ಹೇಳಿದವರು ನಟಿಸಿರಲಿಲ್ಲ. ಆ ಕಿರುಚಿತ್ರವೇ ಬೆಳೆದು 2009ರಲ್ಲಿ ‘ಡಿಸ್ಟ್ರಿಕ್ಟ್ 9’ ಆಯಿತು. ಬಂಡವಾಳ ಮೂರು ಕೋಟಿ ಡಾಲರ್‌ಗೆ ಏರಿತು, ಜೊತೆಗೆ ನೈಜೀರಿಯದವರನ್ನು ಮನುಷ್ಯರನ್ನು ತಿನ್ನುವ ರೌಡಿಗಳಂತೆ ಚಿತ್ರಿಸಿದ ಆರೋಪವೂ ಬಂತು, ನೈಜೀರಿಯ ಸರ್ಕಾರ ಪ್ರದರ್ಶನ ನಿಲ್ಲಿಸುವಂತೆ ಹೇಳಿತು. ವರ್ಣಭೇದದ ವಿರುದ್ಧ ಎದ್ದ ಚಿತ್ರದೊಳಗೇ ವರ್ಣಭೇದ ನುಸುಳಿತ್ತು. ಆರು ನಿಮಿಷದ ಮೂಲವೇ ಹೆಚ್ಚು ಪ್ರಾಮಾಣಿಕ ಎಂದು ನನಗನ್ನಿಸುತ್ತದೆ.

ನಮ್ಮ ಸೀಮೆಗೆ ಇವೆಲ್ಲಕ್ಕಿಂತ ಹತ್ತಿರದ ಚಿತ್ರ ಅಲೆಕ್ಸ್ ರಿವೆರಾನ ‘ಸ್ಲೀಪ್ ಡೀಲರ್’, 2008. ಇದಕ್ಕೂ ಒಂದು ಬಡ ಪೂರ್ವರೂಪವಿದೆ. 1997ರಲ್ಲಿ ರಿವೆರಾ ‘ವೈ ಸೈಬ್ರಸೆರೋಸ್?’ ಎಂಬ ಐದು ನಿಮಿಷದ ಅಣಕು ಜಾಹೀರಾತು ಮಾಡಿದ್ದ. 1942ರಿಂದ 1964ರವರೆಗೆ ಅಮೆರಿಕ ಮೆಕ್ಸಿಕೊದ ಕೂಲಿಗಳನ್ನು ಕರಾರಿನ ಮೇಲೆ ಕರೆಸಿಕೊಂಡಿದ್ದ ‘ಬ್ರಸೆರೊ’ ಯೋಜನೆಯ ಅಣಕ ಅದು. ಕೂಲಿಯವನು ಅವನ ದೇಶದಲ್ಲೇ ಇರಲಿ, ಅವನ ದುಡಿಮೆ ಮಾತ್ರ ತಂತಿಯಲ್ಲಿ ಗಡಿ ದಾಟಿ ಬರಲಿ ಎಂಬುದು ವ್ಯಂಗ್ಯ. ‘ಸ್ಲೀಪ್ ಡೀಲರ್’ ಅದನ್ನು ಪೂರಾ ಕಥೆಯಾಗಿಸಿತು. ಓಹಾಕ ಪ್ರಾಂತದ ಒಣ ಹಳ್ಳಿಯೊಂದರ ನದಿಗೆ ಕಂಪನಿ ಅಣೆಕಟ್ಟು ಕಟ್ಟಿದೆ. ಮೆಮೊ ಎಂಬ ಹುಡುಗ ಅಪ್ಪನ ಜೊತೆ ಅಣೆಕಟ್ಟಿನವರೆಗೆ ನಡೆದು, ಬಂದೂಕು ಬಿಗಿದ ಕ್ಯಾಮೆರಾದ ಎದುರು ನಿಂತು, ಯಂತ್ರಕ್ಕೆ ದುಡ್ಡು ಹಾಕಿ ಚೀಲದಲ್ಲಿ ನೀರು ತುಂಬಿಸಿಕೊಂಡು ಬರುತ್ತಾನೆ. ಮನೆಯಲ್ಲಿ ತಾನೇ ಜೋಡಿಸಿಕೊಂಡ ಆಂಟೆನಾದಿಂದ ದೂರದೂರದ ಸಂಭಾಷಣೆ ಕದ್ದು ಕೇಳುವ ಹುಚ್ಚು ಅವನಿಗೆ. ಅದೇ ಮುಳುವಾಗಿ, ಡ್ರೋನ್ ದಾಳಿಯಲ್ಲಿ ಅಪ್ಪ ಸಾಯುತ್ತಾನೆ. ಹುಡುಗ ಗಡಿಯ ಟಿಹುವಾನಾ ಪಟ್ಟಣಕ್ಕೆ ಹೋಗಿ ಮೈಗೆ ತಂತಿ ಚುಚ್ಚಿಸಿಕೊಂಡು, ಅಮೆರಿಕದಲ್ಲಿ ಕಟ್ಟಡ ಕಟ್ಟುವ ರೋಬೊವನ್ನು ಇಲ್ಲಿಂದಲೇ ನಡೆಸುವ ಕೂಲಿಯಾಗುತ್ತಾನೆ.

ಗೌರಿಬಿದನೂರು ತಾಲ್ಲೂಕಿನ ಕೋಟಾಲದಿನ್ನೆಗೆ ಹೋದವರಿಗೆ ಈ ಕಥೆ ಅಷ್ಟೇನೂ ದೂರದ್ದೆನಿಸದು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜಂಟಿಯಾಗಿ ಕಟ್ಟಿದ ರೇಡಿಯೊ ದೂರದರ್ಶಕ 1976ರಿಂದ ಅಲ್ಲಿದೆ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ, ಪೂರ್ವ ಪಶ್ಚಿಮವಾಗಿ 1.4 ಕಿಲೋಮೀಟರ್ ಉದ್ದಕ್ಕೆ 640, ದಕ್ಷಿಣೋತ್ತರವಾಗಿ 360, ಒಟ್ಟು 1000 ಡೈಪೋಲ್‌ಗಳ ಸಾಲು. ಬರಗಾಲದ ಬಯಲಿನಲ್ಲಿ ಕಂಬ, ತಂತಿ ನೆಟ್ಟು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಸದ್ದು ಕೇಳುವ ಏರ್ಪಾಡು. ಇದೇ ತಾಲ್ಲೂಕಿನ ಹೊಸೂರಿನಿಂದ ಬಡ ಹುಡುಗನೊಬ್ಬ ಓದಲಿಕ್ಕೆಂದು ಬೆಂಗಳೂರಿಗೆ ನಡೆದೇ ಹೋಗಿದ್ದ. ಆತ ಮುಂದೆ ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನ ಓದಿ ಬಂದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರು. ವಿಜ್ಞಾನವೂ ವಲಸೆಯೂ ಒಂದೇ ಬದುಕಿನಲ್ಲಿ ಕೂಡಿದ್ದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅವರ ಆತ್ಮಕಥೆ ‘ಹೋರಾಟದ ಹಾದಿ’ಯನ್ನು ನಮ್ಮ ಚಿತ್ರಕಥೆಗಾರರು ಒಮ್ಮೆ ಆ ಕಣ್ಣಿನಿಂದ ಓದಬೇಕು.

ನೀರಿನ ಮಾತಂತೂ ರಿವೆರಾನ ಕಥೆಯನ್ನು ಮೀರಿಸುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಚಿಕ್ಕಬಳ್ಳಾಪುರ. ಕೊಳವೆಬಾವಿ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಶಾಶ್ವತ ನೀರಾವರಿ ಕೇಳಿ 2016ರ ಮಾರ್ಚ್‌ನಲ್ಲಿ ರೈತರು ಟ್ರಾಕ್ಟರ್ ಏರಿ ಬೆಂಗಳೂರಿನತ್ತ ಹೊರಟಾಗ ಪೊಲೀಸರು ತಡೆದರು. ಆಮೇಲೆ ಬಂದದ್ದು ಹೆಬ್ಬಾಳ-ನಾಗವಾರ ಕಣಿವೆ ಯೋಜನೆ: ಬೆಂಗಳೂರು ಬಳಸಿ ಬಿಟ್ಟ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಈ ತಾಲ್ಲೂಕುಗಳ ಕೆರೆಗೆ ಹರಿಸುವುದು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗು ನಿಂತಿಲ್ಲ. ಬೆಳಗಿನ ರೈಲಿನಲ್ಲಿ ಹುಡುಗರು, ತರಕಾರಿ, ಹೂವು ಬೆಂಗಳೂರಿಗೆ ಹೋಗುತ್ತವೆ. ಬಳಸಿದ ನೀರು ಹಿಂದಕ್ಕೆ ಬರುತ್ತದೆ. ಇದನ್ನು ವಿಜ್ಞಾನ ಕಾಲ್ಪನಿಕ ಚಿತ್ರಕ್ಕೆ ಕಥೆಯೆಂದು ಕೊಟ್ಟರೆ ನಿರ್ಮಾಪಕರು ಅತಿಯಾಯಿತು ಅಂದಾರು.

ಹಾಗಾದರೆ ಕನ್ನಡದಲ್ಲಿ ಏನು ಬಂದಿದೆ? ಸಾಹಿತ್ಯದಲ್ಲಿ ರಾಜಶೇಖರ ಭೂಸನೂರಮಠರಂಥವರು ಈ ಪ್ರಕಾರವನ್ನು ಬೆಳೆಸಿದರೂ ಚಿತ್ರರಂಗ ಅತ್ತ ತಿರುಗಲು ತಡಮಾಡಿತು. 2002ರ ‘ಹಾಲಿವುಡ್’ ಉಪೇಂದ್ರ ಬರೆದು ನಟಿಸಿದ, ದಿನೇಶ್ ಬಾಬು ನಿರ್ದೇಶಿಸಿದ ರೋಬೊ ಕಥೆ. ಅಮೆರಿಕದಲ್ಲಿ ಚಿತ್ರೀಕರಣ, ಆಸ್ಟ್ರೇಲಿಯದ ನಾಯಕಿ. ದೊಡ್ಡ ದುಡ್ಡು ಹಾಕಿದ್ದರಿಂದ ಪರದೇಶ ಅಲ್ಲಿ ಹಿನ್ನೆಲೆಯ ಪರದೆಯಾಯಿತು. ಕನ್ನಡದವನು ಅಲ್ಲಿ ಹೊರಗಿನವನೆಂಬ ಕಸಿವಿಸಿ ಆ ಚಿತ್ರವನ್ನು ತಟ್ಟಲೇ ಇಲ್ಲ.

ಅದಕ್ಕೆ ತದ್ವಿರುದ್ಧ 2013ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಪವನ್ ಕುಮಾರ್ ಅವರ ‘ಲೂಸಿಯಾ’. ನಿರ್ಮಾಪಕರು ಮುಂದೆ ಬಾರದಿದ್ದಾಗ ಪ್ರೇಕ್ಷಕರನ್ನೇ ಕೇಳಿ, ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿಸಿ ಮಾಡಿದ್ದು. ಹಳ್ಳಿಯಿಂದ ಬಂದ ನಿಕ್ಕಿ ಬೆಂಗಳೂರಿನ ಹಳೆಯ ಚಿತ್ರಮಂದಿರವೊಂದರಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ಹುಡುಗ. ನಿದ್ದೆ ಬಾರದು. ‘ಲೂಸಿಯಾ’ ಎಂಬ ಮಾತ್ರೆ ಸಿಗುತ್ತದೆ. ನುಂಗಿದರೆ ಬೇಕಾದ ಬದುಕು ಕನಸಿನಲ್ಲಿ, ಪ್ರತಿರಾತ್ರಿ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಕನಸಿನಲ್ಲಿ ಅವನು ಸಿನಿಮಾ ತಾರೆ. ಎರಡು ಲೋಕಗಳನ್ನು ಬೇರ್ಪಡಿಸಲು ನಿರ್ದೇಶಕರು ಬಳಸಿದ್ದು ಅತ್ಯಂತ ಅಗ್ಗದ ಉಪಾಯ: ಟಾರ್ಚ್ ಹುಡುಗನ ಲೋಕ ಬಣ್ಣದಲ್ಲಿ, ತಾರೆಯ ಲೋಕ ಕಪ್ಪು ಬಿಳುಪಿನಲ್ಲಿ. ಸೇಲ್ಸ್‌ನ ಗೋಡೆ ಮುಟ್ಟುವ ಕೈಯಂತೆಯೇ ಇದೂ ಇಲ್ಲದಿಕೆಯಿಂದ ಹುಟ್ಟಿದ ಕಲ್ಪನೆ.

ನಿಕ್ಕಿ ಎದುರಿಸುವ ಗಡಿ ಯಾವುದು? ಅವನಿಗೆ ಪಾಸ್‌ಪೋರ್ಟ್ ಬೇಡ, ಅವನ ಭಾಷೆ ರಾಜ್ಯದ ಭಾಷೆ. ಆದರೂ ಪಿಜ್ಜಾ ಅಂಗಡಿಯಲ್ಲಿ ದುಡಿಯುವ ಶ್ವೇತಾಗೆ ತಕ್ಕವನಾಗಬೇಕಾದರೆ ಇಂಗ್ಲಿಷ್ ಕಲಿಯಬೇಕು, ಕೆಲಸ ಬದಲಿಸಬೇಕು, ನಡೆನುಡಿ ತಿದ್ದಿಕೊಳ್ಳಬೇಕು. ಚಿಂತಾಮಣಿಯಿಂದಲೋ ಶಿಡ್ಲಘಟ್ಟದಿಂದಲೋ ಬಂದು ಬೆಂಗಳೂರಿನ ಮಾಲ್‌ನಲ್ಲಿ ಕೆಲಸ ಹಿಡಿದ ಹುಡುಗರಿಗೆ ಈ ತಪಾಸಣೆ ಹೊಸದಲ್ಲ. ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಮಾಡುತ್ತಿದ್ದುದನ್ನು ಇಲ್ಲಿ ಕೌಂಟರಿನಾಚೆ ನಿಂತ ಗಿರಾಕಿ ಮಾಡುತ್ತಾನೆ.

ಮೈಬಣ್ಣದ ಮಾತು ‘ಲೂಸಿಯಾ’ದಲ್ಲಿ ಬಾಯಿಬಿಟ್ಟು ಬರುವುದಿಲ್ಲ. ಅದು ಹೊರಬಿದ್ದದ್ದು 2015ರ ತಮಿಳು ಅವತರಣಿಕೆ ‘ಎನಕ್ಕುಳ್ ಒರುವನ್’ನಲ್ಲಿ. ಅಲ್ಲಿ ನಟ ಸಿದ್ಧಾರ್ಥ್ ತಾರೆಯಾಗಿ ತಮ್ಮದೇ ಬಣ್ಣದಲ್ಲಿದ್ದಾರೆ. ಟಾರ್ಚ್ ಹುಡುಗನ ಪಾತ್ರಕ್ಕೆ ಮೈಗೆ ಕಪ್ಪು ಬಳಿದುಕೊಂಡಿದ್ದಾರೆ. ಹಳ್ಳಿಯಿಂದ ಬಂದ ಬಡವನೆಂದರೆ ಕಪ್ಪಗಿರಬೇಕು ಎಂಬ ತೀರ್ಮಾನ ಮೇಕಪ್ ಕೋಣೆಯಲ್ಲೇ ಆಗಿಹೋಯಿತು. ನಮ್ಮಲ್ಲಿ ವರ್ಣಭೇದವಿಲ್ಲ, ಅದು ಅಮೆರಿಕದ ಕಾಯಿಲೆ ಎನ್ನುವವರು ಈ ಎರಡು ಚಿತ್ರಗಳನ್ನು ಒಂದರ ಹಿಂದೊಂದು ನೋಡಲಿ.

‘ಲೂಸಿಯಾ’ ತಯಾರಾಗುತ್ತಿದ್ದ ಹೊತ್ತಿನಲ್ಲೇ, 2012ರ ಆಗಸ್ಟ್ 15ರಿಂದ, ದಾಳಿ ನಡೆಯಲಿದೆ ಎಂಬ ಗಾಳಿಸುದ್ದಿ ಮೊಬೈಲ್ ಸಂದೇಶಗಳಲ್ಲಿ ಹಬ್ಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಕೇಂದ್ರ ಸರ್ಕಾರ ಒಮ್ಮೆಗೆ ಕಳಿಸಬಹುದಾದ ಎಸ್ಸೆಮ್ಮೆಸ್‌ಗಳನ್ನು ಐದಕ್ಕೆ ಇಳಿಸಿತು. ಮುಖಚಹರೆಯ ಕಾರಣಕ್ಕೆ ಸ್ವದೇಶದಲ್ಲೇ ಪರದೇಶಿಗಳಾದವರು, ಅವರನ್ನು ಓಡಿಸಿದ ಅಂಗೈಯಗಲದ ಯಂತ್ರ: ಇದಕ್ಕಿಂತ ನೇರವಾದ ವಿಜ್ಞಾನ ಚಿತ್ರದ ವಸ್ತು ಉಂಟೆ? ಕನ್ನಡ ಚಿತ್ರರಂಗ ಅದನ್ನು ಮುಟ್ಟಲಿಲ್ಲ. ಉತ್ತರ ಕನ್ನಡದ ಸಿದ್ದಿಗಳ ಪಾಡೂ ಹಾಗೆಯೇ. ತಲೆಮಾರುಗಳಿಂದ ಕನ್ನಡ, ಕೊಂಕಣಿ ಆಡಿಕೊಂಡು ಬಂದ ಆಫ್ರಿಕನ್ ಮೂಲದ ಆ ಜನರನ್ನು ಬೆಂಗಳೂರು ಯಾವ ದೇಶದವರೆಂದು ಕೇಳುತ್ತದೆ. ಸೇಲ್ಸ್‌ನ ಅನ್ಯಗ್ರಹದವನನ್ನು ಹಾರ್ಲೆಮ್ ತನ್ನವನೆಂದುಕೊಂಡಿತು. ಇಲ್ಲಿ ತನ್ನವನನ್ನೇ ಊರು ಅನ್ಯಗ್ರಹದವನಂತೆ ನೋಡುತ್ತದೆ. ನೀನಾಸಂನಲ್ಲಿ ಪಳಗಿದ ಪ್ರಶಾಂತ್ ಸಿದ್ದಿಯವರಂಥ ನಟರು ಇದ್ದಾರೆ. ಅಂಥ ಪಾತ್ರ ಬರೆಯುವವರು ಬರಬೇಕು.

ಈಗ ವಲಸೆಯ ದಿಕ್ಕು ಒಂದೇ ಆಗಿ ಉಳಿದಿಲ್ಲ. ರಾಮನಗರ ಬಿಟ್ಟರೆ ರಾಜ್ಯದಲ್ಲೇ ದೊಡ್ಡದೆನಿಸಿದ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಆಸುಪಾಸಿನಲ್ಲಿ, ಗೌರಿಬಿದನೂರಿನ ಕಾರ್ಖಾನೆಗಳಲ್ಲಿ ಬಿಹಾರ, ಒಡಿಶಾ ಕಡೆಯ ಹುಡುಗರು ಕಾಣಸಿಗುತ್ತಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬ ಸೀಮೆಗೆ ಮೂರನೆಯದಾಗಿ ಹಿಂದಿ ಬಂದು ಸೇರಿದೆ. ಒಳಗಿನವರು ಯಾರು, ಹೊರಗಿನವರು ಯಾರು ಎಂದು ಗೆರೆ ಎಳೆಯುವುದು ಎಂದೂ ಸುಲಭವಿರದಿದ್ದ ಜಾಗದಲ್ಲಿ ಅದು ಇನ್ನಷ್ಟು ಕಷ್ಟವಾಗಿದೆ. ಕಥೆಗಾರನಿಗೆ ಇದು ವರ.

‘ಲೂಸಿಯಾ’ದ ಕೊನೆಯ ಬಗ್ಗೆ ನನ್ನದೊಂದು ತಕರಾರಿದೆ. ಕಡೆಗೆ ಗೊತ್ತಾಗುವುದೇನೆಂದರೆ, ಕಪ್ಪು ಬಿಳುಪಿನ ತಾರೆಯೇ ನಿಜ, ಬಣ್ಣದ ಟಾರ್ಚ್ ಹುಡುಗನೇ ಅವನ ಕನಸು. ತಿರುವು ಜಾಣತನದ್ದು, ಕಣ್ಣಿಗೂ ಚೆಂದ. ಆದರೆ ಎರಡು ಗಂಟೆ ನಾವು ನಂಬಿಕೊಂಡು ಬಂದ ವಲಸಿಗ ಇಲ್ಲವೇ ಇಲ್ಲ, ಸಿರಿವಂತನೊಬ್ಬ ನೆಮ್ಮದಿಗಾಗಿ ಕಟ್ಟಿಕೊಂಡ ಕಲ್ಪನೆ ಅವನು ಎಂದಾಗ ಚಿತ್ರ ತಾನೇ ಎತ್ತಿದ ಪ್ರಶ್ನೆಯಿಂದ ಜಾರಿಕೊಳ್ಳುತ್ತದೆ. ಸೇಲ್ಸ್ ತನ್ನವನನ್ನು ಕೊನೆಯವರೆಗೂ ಹಾರ್ಲೆಮ್‌ನ ನೆಲದ ಮೇಲೆ ಉಳಿಸಿದ. 2013ರ ಜುಲೈನಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ‘ಲೂಸಿಯಾ’ ಮೊದಲು ಪ್ರದರ್ಶನಗೊಂಡು ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಪಡೆಯಿತು. ಕಡಲಾಚೆಗೆ ವಲಸೆ ಹೋದವರೂ ಇದ್ದ ಆ ಸಭೆಗೆ ಈ ಕೊನೆ ಹಿತವೆನಿಸಿದ್ದರೆ ಅಚ್ಚರಿಯಿಲ್ಲ.

ಆಮೇಲೆ ಸಣ್ಣ ಬಂಡವಾಳದ ವಿಜ್ಞಾನ ಚಿತ್ರಗಳು ಕನ್ನಡದಲ್ಲಿ ನಿಂತಿಲ್ಲ. ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’, 2024, ಕಾಲಯಾನವನ್ನು ಕಡಿಮೆ ಖರ್ಚಿನಲ್ಲಿ ಚೆನ್ನಾಗಿಯೇ ನಿಭಾಯಿಸಿತು. ಅದರ ಕಾಳಜಿ ಬೇರೆ. ರೋಬೊ ಚಿತ್ರದ ಹೆಗ್ಗಳಿಕೆ ‘ಹಾಲಿವುಡ್’ಗೇ ಇರಲಿ, ಬೀದಿಯಲ್ಲಿ ನಿಂತು ವಲಸಿಗನ ಮುಖ ನೋಡಿದ ವಿಜ್ಞಾನ ಚಿತ್ರಗಳ ಸಾಲಿಗೆ ಕನ್ನಡದಿಂದ ಸೇರುವುದು, ನನ್ನ ಎಣಿಕೆಯಲ್ಲಿ, ಕೊನೆಯಲ್ಲಿ ಮುಗ್ಗರಿಸಿದ ‘ಲೂಸಿಯಾ’ ಒಂದೇ.